ಕಂಚಕ್ಕ ಸುಮ್ಮನಿದ್ದ ದಿನ

ಹಾಡು ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲು ನನ್ನ ದೊಡ್ಡಮ್ಮನ ಹತ್ತಿರ ಒಂದೇ ಒಂದು ಪರೀಕ್ಷೆ ಇತ್ತು. ಒದ್ದೆ ಚಾದರದ ಎರಡು ತುದಿ ನಾವು ಹಿಡಿದು, ಉಳಿದೆರಡು ತುದಿ ಎದುರಿನವರು ಹಿಡಿದು, ಝಾಡಿಸುತ್ತಾ ಹಾಡಲು ಬರಬೇಕು. ಬಂದರೆ ಅದು ಹಾಡು. ಬಾರದಿದ್ದರೆ, "ಅದು ಕುರ್ಚಿ ಮೇಲೆ ಕೂತೋರ ಹಾಡು ಕಣೇ, ಅವರೇ ಹಾಡ್ಕೊಳ್ಲಿ" ಎಂದು ಮೂಗು ಮುರಿಯುತ್ತಿದ್ದಳು. ಎಂತೆಂಥ ದೊಡ್ಡ ಗಾಯಕರು ಈ ಪರೀಕ್ಷೆಯಲ್ಲಿ ಮಣ್ಣು ಮುಕ್ಕಿದ್ದಾರೆಂದು ಅವರಿಗೆ ಗೊತ್ತಾದರೆ ಬೇಜಾರಾದೀತು.

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳು ಮೂವತ್ತೊಂದು ವರ್ಷ ಕೆಲಸ ಮಾಡಿದಳು. ನಾನು ಅವಳ ತಂಗಿಯ ಮಗಳು, ಹನ್ನೆರಡು ವರ್ಷದಿಂದ ಅಲ್ಲೇ ಇದ್ದೇನೆ. ಅವಳದ್ದು ಕಂಚಿನ ಕಂಠ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಕಂಚಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮೇಲಿನ ಆರು ಮಹಡಿಗಳಲ್ಲಿ ಕೊಳೆಯಾದ ಚಾದರ, ದಿಂಬಿನ ಕವರು, ಆಪರೇಷನ್ ಗೌನು ಎಲ್ಲವೂ ಒಂದು ಕೊಳವೆಯಲ್ಲಿ ಜಾರಿ ನಮ್ಮ ಮುಂದೆ ಬಂದು ಬೀಳುತ್ತವೆ. ಬಿದ್ದದ್ದನ್ನು ಬೇರ್ಪಡಿಸಿ, ಒಗೆದು, ಹಿಂಡಿ, ರೋಲರಿನಲ್ಲಿ ಇಸ್ತ್ರಿ ಮಾಡಿ, ಮಡಚಿ ಮೇಲಕ್ಕೆ ಕಳಿಸುವವರು ಹದಿನೆಂಟು ಹೆಂಗಸರು. ಕಿಟಕಿ ಇಲ್ಲ. ಹೊರಗೆ ಮಳೆಯೋ ಬಿಸಿಲೋ ಎಂದು ಕೊಳವೆಯಲ್ಲಿ ಬಿದ್ದ ಬಟ್ಟೆ ನೋಡಿ ಹೇಳುವಷ್ಟು ನಾವು ಪಳಗಿದ್ದೇವೆ.

ದೊಡ್ಡಮ್ಮನ ಮನೆಯಲ್ಲಿ ಒಂದು ಹಳೇ ಟೇಪ್ ರೆಕಾರ್ಡರ್, ಎರಡು ಡಬ್ಬಿ ತುಂಬಾ ಕ್ಯಾಸೆಟ್ಟುಗಳು. ಜಗತ್ತಿನಲ್ಲಿ ಎಲ್ಲೆಲ್ಲಿ ಜನ ಸಿಟ್ಟಾಗಿ ಹಾಡಿದ್ದಾರೋ ಅದೆಲ್ಲ ಅವಳಿಗೆ ಬೇಕು. ರೇಡಿಯೋದಿಂದ ಹಿಡಿದದ್ದು, ಮೆರವಣಿಗೆಯಲ್ಲಿ ಹಿಡಿದದ್ದು, ಯಾರೋ ತಂದುಕೊಟ್ಟದ್ದು. ಹೊಲದ ಹಾಡು, ಗಣಿಯ ಹಾಡು, ಗಿಟಾರಿನ ಹಾಡು, ಬ್ಯಾಂಡು, ಭಜನೆ ಧಾಟಿ, ಗಂಡ ಸತ್ತವಳ ಗೋಳಿನ ಧಾಟಿ. ಅರ್ಧಕ್ಕರ್ಧ ಅವಳಿಗೆ ತಲೆಬುಡ ತಿಳಿಯದ ಭಾಷೆಗಳು. "ಅರ್ಥ ಆಗದೆ ಏನು ಕೇಳ್ತೀಯ?" ಎಂದರೆ, "ಮಾತು ಗೊತ್ತಾಗಲ್ಲ, ಸಿಟ್ಟು ಗೊತ್ತಾಗುತ್ತಲ್ಲ" ಎನ್ನುತ್ತಿದ್ದಳು. ಕ್ಯಾಸೆಟ್ಟಿನ ಮೇಲೆ ಹಾಡಿದವರ ಹೆಸರು ಬರೆಯುವ ಅಭ್ಯಾಸವಿಲ್ಲ. ಉಪಯೋಗ ಬರೆದಿದ್ದಳು: "ನಡೆಯೋಕೆ", "ಕಾಯೋಕೆ", "ಬೆಳಗ್ಗೆ ಏಳೋಕೆ", "ಸೋತ ದಿನಕ್ಕೆ". ಕೊನೆಯದು ತುಂಬಾ ಸವೆದಿತ್ತು.

ಕೇಳಿದ್ದನ್ನು ಹಾಗೇ ಹಾಡುವ ಹೆಂಗಸೂ ಅಲ್ಲ. ಧಾಟಿ ಇಟ್ಟುಕೊಂಡು ಮಾತು ಬದಲಾಯಿಸುವಳು. ಒಂದು ಪ್ರೇಮಗೀತೆಯನ್ನು ನಮ್ಮ ಕೆಟ್ಟುಹೋದ ಫ್ಯಾನಿಗೆ ಅರ್ಪಿಸಿದ್ದಳು, ಬಾರೋ ಬಾರೋ ಎಂದು ಫ್ಯಾನನ್ನು ವಿರಹದಲ್ಲಿ ಕರೆಯುವ ಹಾಡು. ಹನ್ನೊಂದು ದಿನ ಹಾಡಿದ ಮೇಲೆ ಹೊಸ ಫ್ಯಾನು ಬಂತು. ಮೊಮ್ಮಗಳು ಒಮ್ಮೆ ಫೋನಿನಲ್ಲಿ ರ‍್ಯಾಪ್ ಕೇಳಿಸಿದಾಗ, "ಇದು ಹಾಡಲ್ಲ, ಬೈಗುಳಕ್ಕೆ ತಾಳ ಹಾಕಿದ್ದಾರೆ" ಎಂದು ಮುಖ ಸಿಂಡರಿಸಿದಳು. ಮರುದಿನ ಕೆಲಸಕ್ಕೆ ಬಂದವಳೇ, "ಅಲ್ಲ, ಬೈಗುಳಕ್ಕೆ ತಾಳ ಹಾಕೋದು ಇಷ್ಟು ವರ್ಷ ನಮಗ್ಯಾಕೆ ಹೊಳೀಲಿಲ್ಲ?" ಎಂದು ಕೇಳಿದಳು. ಮಧ್ಯಾಹ್ನದ ಹೊತ್ತಿಗೆ ಸೋಪಿನ ಪುಡಿ ಕಳಪೆ ಎಂಬುದರ ಬಗ್ಗೆ ನಮ್ಮದೇ ಒಂದು ರ‍್ಯಾಪ್ ತಯಾರಾಗಿತ್ತು.

ಅವಳು ಮೊದಲ ಸಾಲು ಎಸೆಯುವುದು, ನಾವು ಹಿಡಿಯುವುದು. ಇದು ಕ್ರಮ. ರೋಲರಿನ ಹತ್ತಿರ ಒಂದು ಚಾದರಕ್ಕೆ ಒಂದು ಸಾಲು. ಸಾಲು ಮುಗಿಯುವಾಗ ಚಾದರದ ಕೊನೆಯ ಅಂಚು ಬಿಸಿ ಉರುಳೆಗಳ ಬಾಯಿಗೆ ಬಂದಿರುತ್ತದೆ. ಆಗ ಹಾಡು ಎರಡು ಎಣಿಕೆ ನಿಲ್ಲುತ್ತದೆ, ಎಲ್ಲರ ಎರಡೂ ಕೈ ಮೇಲೇಳುತ್ತವೆ, ಹಬೆ ಬುಸ್ಸೆನ್ನುತ್ತದೆ, ಮುಂದಿನ ಸಾಲು. ಹಬೆಯ ಸದ್ದಿನಲ್ಲಿ ಹಾಡು ಕೇಳಿಸದು, ಅದಕ್ಕೇ ನಿಲ್ಲಿಸುವುದು ಎಂದು ನಾವೆಲ್ಲ ತಿಳಿದಿದ್ದೆವು. ಲಾಲಿಯಿರಲಿ, ಲಾವಣಿಯಿರಲಿ, ನಮ್ಮ ಕೈಗೆ ಸಿಕ್ಕ ಪ್ರತಿ ಹಾಡಿಗೂ ಈ ನಿಲುಗಡೆ ಅಂಟಿಕೊಂಡಿತ್ತು. ಒಬ್ಬ ಸಂಗೀತದ ಮೇಷ್ಟ್ರು ಕೇಳಿ, "ನಿಮ್ಮ ಹಾಡಿಗೆ ಬಿಕ್ಕಳಿಕೆ ಬಂದಿದೆ, ನೀರು ಕುಡಿಸಿ" ಎಂದು ನಕ್ಕಿದ್ದರು. ಒಂದು ಸಲ ಊರಿನ ಎಲ್ಲ ಕೆಲಸಗಾರರ ಮೆರವಣಿಗೆಯಲ್ಲಿ ನಾವೂ ಹೋದೆವು. ನಾನೂರು ಜನ ಹಾಡುತ್ತಾ ಮುಂದೆ ಹೋಗುತ್ತಿದ್ದರೆ ನಾವು ಹದಿನೆಂಟು ಜನ ಪ್ರತಿ ಸಾಲಿಗೂ ಗಕ್ಕನೆ ನಿಂತು ಕೈ ಎತ್ತಿದೆವು. ಹಿಂದಿನಿಂದ ಬರುತ್ತಿದ್ದ ಬಸ್ ಡ್ರೈವರುಗಳು ನಮ್ಮ ಬೆನ್ನಿಗೆ ಬಂದು ಗುದ್ದಿದರು. "ಬ್ರೇಕ್ ಹಾಕೋ ಮೊದಲು ಲೈಟ್ ಹಾಕ್ರಮ್ಮ!" ಎಂದು ಒಬ್ಬ ಕೂಗಿದ. ನಾವು ಹಾಡಿದ್ದು ನಮ್ಮ ರೋಲರಿನ ಹಾಡು:

ಬಿಳಿ ಬಟ್ಟೆ ಮೇಲೆ ಬೆವರು ಕಾಣೋದಿಲ್ಲ—
ಕಾಣೋದಿಲ್ಲ ಅಂದಮಾತ್ರಕ್ಕೆ ಇಲ್ಲ ಅಂತಲ್ಲ—

ರೋಲರಿನ ಮುಂದೆ ನನ್ನ ಜೊತೆಗಾತಿ ಗುಬ್ಬಿ. ಸಣ್ಣ ಆಳು, ಚುರುಕು ಕೈ, ಆದರೆ ಹಾಡಿದರೆ ಶ್ರುತಿ ಒಂದು ಕಡೆ, ಇವಳು ಇನ್ನೊಂದು ಕಡೆ. "ನೀನು ಹಾಡ್ಬೇಡ, ಬಾಯಿ ಆಡಿಸು ಸಾಕು" ಎಂದು ದೊಡ್ಡಮ್ಮ ಅವಳನ್ನು ಕಾಡುತ್ತಿದ್ದಳು. ಗುಬ್ಬಿ ಕೇಳಬೇಕಲ್ಲ. ಇನ್ನಷ್ಟು ಜೋರಾಗಿ ಹಾಡುತ್ತಿದ್ದಳು.

ಉರುಳೆಗಳ ಬಾಯಿಗೆ ಒಂದು ಅಡ್ಡಕಂಬಿ ಇರಬೇಕು. ಬೆರಳು ತಾಗಿದರೆ ಸಾಕು, ಯಂತ್ರ ನಿಂತುಬಿಡುತ್ತದೆ. ನಮ್ಮದು ಮುರಿದು ಎರಡು ವರ್ಷವಾಗಿತ್ತು. ಮೇಲ್ವಿಚಾರಕರಿಗೆ ನಾವಿಟ್ಟ ಹೆಸರು ಗಡಿಯಾರ. ಮನುಷ್ಯ ಮಾತಾಡುವಾಗಲೂ ಮಣಿಕಟ್ಟು ನೋಡಿಕೊಳ್ಳುತ್ತಾನೆ. ಕಂಬಿ ಕೇಳಿದರೆ, "ಬರೆದು ಕಳಿಸ್ತೀನಿ" ಎನ್ನುವುದು, ಮಣಿಕಟ್ಟು ನೋಡುವುದು. ಎರಡು ವರ್ಷ ಇದೇ ಆಯಿತು.

ಒಂದು ಗುರುವಾರ, ಆಸ್ಪತ್ರೆ ನೋಡಲು ಹೊರಗಿನಿಂದ ದೊಡ್ಡವರು ಬರುವವರಿದ್ದರು. ಬೆಳಿಗ್ಗೆ ದೊಡ್ಡಮ್ಮ ಬಂದು, "ಇವತ್ತು ಗಂಟಲು ಸರಿ ಇಲ್ಲ ಕಣ್ರೇ, ಹಾಡು ಬೇಡ" ಎಂದಳು. ಅವಳು ಸಾಲು ಎಸೆಯದೆ ಹಿಡಿಯುವುದೇನು? ನಾವೂ ಸುಮ್ಮನಾದೆವು. ಹತ್ತೂವರೆಯ ಸುಮಾರಿಗೆ ನಾನೂ ಗುಬ್ಬಿಯೂ ಒಂದು ದೊಡ್ಡ ಚಾದರ ಒಳಕ್ಕೆ ಬಿಡುತ್ತಿದ್ದೆವು. ನಾನು ಕೈ ಬಿಟ್ಟೆ. ಅವಳು ಬಿಡಲಿಲ್ಲ. ಅಂಚಿನಲ್ಲಿ ಒಂದು ಸುಕ್ಕು ಕಂಡು ಸರಿಮಾಡಲು ಬೆರಳು ಚಾಚಿದ್ದಳು. ಅವಳ ಕೂಗು ಕೇಳಿ ಯಂತ್ರ ನಿಲ್ಲಿಸುವ ಕೆಂಪು ಗುಂಡಿಯನ್ನು ನಾನೇ ಒತ್ತಿದೆ. ಅಷ್ಟರಲ್ಲಿ ಬಲಗೈಯ ಮೂರು ಬೆರಳು ಹೋಗಿದ್ದವು.

ಗಡಿಯಾರದ ವರದಿ ಎರಡೇ ದಿನದಲ್ಲಿ ಸಿದ್ಧ. ಎರಡು ವರ್ಷ ಕಂಬಿಗೆ ಸಿಗದ ಸಮಯ ವರದಿಗೆ ಸಿಕ್ಕಿತು. ಅದರಲ್ಲಿ ಬರೆದಿತ್ತು: "ಕಾರ್ಮಿಕಳು ಹಾಡಿನಲ್ಲಿ ಮೈಮರೆತು ಅಜಾಗರೂಕತೆ ತೋರಿದ್ದರಿಂದ." ಕಂಬಿಯ ಸುದ್ದಿಯೇ ಇಲ್ಲ. ಗೋಡೆಗೆ ನೋಟೀಸು ಬಂತು, ಕೆಲಸದ ವೇಳೆ ಹಾಡುವುದನ್ನು ನಿಷೇಧಿಸಲಾಗಿದೆ ಎಂದು. ಹತ್ತು ದಿನ ಬಿಟ್ಟು ವಿಚಾರಣೆ. ಅಲ್ಲಿ ಈ ವರದಿಯೇ ನಿಂತರೆ ಗುಬ್ಬಿಗೆ ಪರಿಹಾರವೂ ಇಲ್ಲ, ಕೆಲಸವೂ ಇಲ್ಲ. ಯಂತ್ರದ್ದು ತಪ್ಪಿಲ್ಲವಾದ್ದರಿಂದ ಕಂಬಿಯೂ ಬರುವುದಿಲ್ಲ, ಮುಂದಿನ ಬೆರಳು ಯಾರದೋ. ಅವತ್ತು ನಾವು ಬಾಯೇ ಬಿಟ್ಟಿರಲಿಲ್ಲವಲ್ಲ! ಆದರೆ ನಾವು ಹದಿನೆಂಟು ಜನ ಹೇಳಿದ್ದು ಹದಿನೆಂಟು ಸುಳ್ಳು, ಅವನು ಒಬ್ಬ ಬರೆದದ್ದು ಒಂದು ನಿಜ. ಮೂವತ್ತು ವರ್ಷ ಹಾಡಿದ ಹೆಂಗಸರು ಅದೊಂದು ದಿನ ಮಾತ್ರ ಹಾಡಲಿಲ್ಲ ಎಂದರೆ ಯಾರು ನಂಬುತ್ತಾರೆ?

ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಮನೆಗೆ ಓಡಿದೆ. ಟೇಪ್ ರೆಕಾರ್ಡರಿನ ಮೇಲೆ ಟವೆಲ್ ಹೊದಿಸಿತ್ತು. ಅವಳು ಕ್ಯಾಸೆಟ್ಟಿನ ಡಬ್ಬಿಗಳನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

"ದೊಡ್ಡಮ್ಮ, ನಿನ್ನ ಗಂಟಲು ನೋವೇ ನಮಗೆ ಸಾಕ್ಷಿ. ನೀನು ಎದ್ದು ನಿಂತು, ಅವತ್ತು ಗಂಟಲು ಕಟ್ಟಿತ್ತು, ಹಾಡು ಇರಲಿಲ್ಲ ಅಂದ್ಬಿಡು. ಮುಗೀತು."

"ಗಂಟಲು ನೋವು ಅಂದ್ರೆ ಔಷಧಿ ಕೋಣೇಲಿ ಹೆಸರು ಬರೆಸ್ಬೇಕು. ನನ್ನ ಹೆಸರು ಅಲ್ಲಿಲ್ಲ. ಗಡಿಯಾರ ಮೊದಲು ನೋಡೋದೇ ಅದನ್ನ."

"ಬರೆಸೋದು ಮರೆತೆ ಅಂತೀಯಪ್ಪ."

"ನೋವೇ ಇರಲಿಲ್ಲ ಕಣೇ."

ಅವಳು ನನ್ನ ಮುಖ ನೋಡದೆ ಹೇಳಿದಳು. ಬುಧವಾರ ಸಂಜೆ ಗಡಿಯಾರ ಅವಳನ್ನು ಪಕ್ಕಕ್ಕೆ ಕರೆದಿದ್ದನಂತೆ. ನಾಳೆ ಒಂದು ದಿನ ಹಾಡು ಬೇಡ ಅಕ್ಕ, ಬಂದವರು ಏನಂದ್ಕೊಳ್ತಾರೆ, ನೀವು ಸುಮ್ಮನಿದ್ದರೆ ತಿಂಗಳೊಳಗೆ ಅಡ್ಡಕಂಬಿ ಹಾಕಿಸ್ತೀನಿ ಎಂದು ಕೈ ಮುಗಿದಿದ್ದನಂತೆ. ಎರಡು ವರ್ಷ ಹಾಡಿದರೂ ಬಾರದ ಕಂಬಿ ಒಂದು ದಿನ ಸುಮ್ಮನಿದ್ದರೆ ಬರುತ್ತದಲ್ಲ ಎಂದು ಇವಳು ಒಪ್ಪಿಕೊಂಡಳು.

"ಹಾಗಂತ ನಮಗೆ ಹೇಳಬಹುದಿತ್ತಲ್ಲ!"

"ಹೇಗೆ ಹೇಳ್ಲಿ? ಯಾರ ಮಾತಿಗೂ ಬಾಯಿ ಮುಚ್ಚಲ್ಲ ಅಂತ ಮೂವತ್ತು ವರ್ಷ ಎದೆ ತಟ್ಕೊಂಡವಳು ನಾನು. ಸಾಹೇಬ್ರು ಕೈ ಮುಗಿದ್ರು, ಮುಚ್ಕೊಂಡೆ ಅಂತ ಹೇಳೋಕೆ ನಾಚಿಕೆಯಾಯ್ತು. ಗಂಟಲು ಅಂದೆ."

ಆಮೇಲೆ ಅವಳೇ ಕೇಳಿದಳು. "ಹಾಡಲ್ಲಿ ನಿಲ್ಲಿಸ್ತೀವಲ್ಲ, ಯಾಕೆ ಗೊತ್ತಾ?"

"ಹಬೆ ಸದ್ದಿಗೆ."

"ನಿನ್ನ ತಲೆ. ನಾನು ಸೇರಿದಾಗಿನ ರೋಲರಿಗೆ ಕಂಬಿ ಅನ್ನೋದೇ ಇರಲಿಲ್ಲ. ಸೇರಿದ ವರ್ಷವೇ ನನ್ನ ಪಕ್ಕದವಳ ಕೈ ಮೊಣಕೈವರೆಗೂ ಸುಟ್ಟಿತು. ಆಮೇಲೆ ನಾನು ಆ ನಿಲುಗಡೆ ಹಾಕಿದೆ. ಅಂಚು ಬಾಯಿಗೆ ಹೋಗೋ ಹೊತ್ತಿಗೆ ಎಲ್ಲರ ಕೈ ಮೇಲೆ ಇರ್ಬೇಕು ಅಂತ. ಎಚ್ಚರಿಕೆ ಹೇಳಿದ್ರೆ ಮರೀತಾರೆ, ಹಾಡು ಮರೆಯಲ್ಲ. ಕಂಬಿ ಬಂತು, ಮುರೀತು. ನಿಲುಗಡೆ ಹಾಗೇ ಇತ್ತು. ಅದನ್ನ ಅವತ್ತು ನಾನೇ ತೆಗೆದೆ. ಗುಬ್ಬಿ ಕೈಗೆ ಯಾವಾಗ ಮೇಲೇಳ್ಬೇಕು ಅಂತ ಹೇಳೋರೇ ಇರಲಿಲ್ಲ."

ನನಗೆ ಅವಳ ಮೇಲೆ ಸಿಟ್ಟು ಬಂತು. ಬಂದದ್ದನ್ನು ಮುಚ್ಚಿಡುವುದೇಕೆ? ಅಷ್ಟು ದೊಡ್ಡ ವಿಷಯವನ್ನು ಹಾಡಿನಲ್ಲಿ ಬಚ್ಚಿಟ್ಟು ಮೂವತ್ತು ವರ್ಷ ಒಬ್ಬರಿಗೂ ಹೇಳದವಳಿಗೆ ಏನನ್ನಬೇಕು? ಅಂದೂ ಬಿಟ್ಟೆ. ಅವಳು ಟವೆಲ್ ತೆಗೆದು "ಸೋತ ದಿನಕ್ಕೆ" ಕ್ಯಾಸೆಟ್ಟು ಕೈಗೆತ್ತಿಕೊಂಡಳು, ತಿರುವಿ ನೋಡಿದಳು, ವಾಪಸ್ ಡಬ್ಬಿಗೆ ಹಾಕಿದಳು. "ಇದು ಈಗ ಬೇಡ" ಎಂದಳು. "ವಿಚಾರಣೆ ದಿನ ಎಲ್ಲರ ಮುಂದೆ ಹೇಳ್ತೀನಿ. ಗುಬ್ಬಿ ಮುಂದೇನೇ ಹೇಳ್ತೀನಿ. ನೀನು ಮೊದಲೇ ಯಾರ ಕಿವೀಲೂ ಊದ್ಬೇಡ. ನನ್ನ ಬಾಯಿಂದಲೇ ಬರ್ಲಿ."

ನಡುವೆ ಒಂದು ವಾರ ಕೆಲಸವಿತ್ತು. ಹಾಡು ನಿಷೇಧ. ದೊಡ್ಡಮ್ಮ ರೋಲರಿನ ತಲೆಗೆ ನಿಂತು ಸದ್ದಿಲ್ಲದೆ ತುಟಿಯಾಡಿಸಿದಳು. ಸಾಲು ಮುಗಿದಾಗ ಕೈ ಎತ್ತಿದಳು. ನಾವು ಅವಳ ತುಟಿ ನೋಡಿಕೊಂಡು ಕೈ ಎತ್ತಿದೆವು. ಗಡಿಯಾರ ಬಂದು, "ಏನಿದು?" ಎಂದ. "ನೋಟೀಸಲ್ಲಿ ಹಾಡಬಾರದು ಅಂತಿದೆ, ಕೈ ಎತ್ತಬಾರದು ಅಂತ ಎಲ್ಲಿದೆ ಸಾರ್?" ಎಂದಳು. ಅವನು ಮಣಿಕಟ್ಟು ನೋಡಿಕೊಂಡು ಹೋದ. ಅವಳ ಕಾರಣ ಉಳಿದವರಿಗೆ ಗೊತ್ತಿರಲಿಲ್ಲ. ಹಟಕ್ಕೆ ಮಾಡುತ್ತಿದ್ದಾಳೆಂದು ಖುಷಿಯಾಗಿ ಮಾಡಿದರು.

ವಿಚಾರಣೆಗೆ ಬಂದ ಅಧಿಕಾರಿ ಒಬ್ಬ ಹೆಂಗಸು, ಕನ್ನಡಕ, ಕಡಿಮೆ ಮಾತು. ಲಾಂಡ್ರಿಯಲ್ಲೇ ಮೇಜು ಹಾಕಿಸಿ ಕೂತರು. ಗುಬ್ಬಿ ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ಪಕ್ಕದ ಕುರ್ಚಿಯಲ್ಲಿದ್ದಳು. ಗಡಿಯಾರ ತನ್ನ ವರದಿ ಓದಿದ. ಆಮೇಲೆ ದೊಡ್ಡಮ್ಮ ಎದ್ದಳು. ಸೆರಗು ಬಿಗಿಯಾಗಿ ಸಿಕ್ಕಿಸಿಕೊಂಡು, ಬುಧವಾರ ಸಂಜೆಯಿಂದ ಶುರುಮಾಡಿ ಎಲ್ಲ ಹೇಳಿದಳು. ಗಂಟಲಿನ ಸುಳ್ಳೂ ಹೇಳಿದಳು, ನಿಲುಗಡೆಯ ಕಾರಣವೂ ಹೇಳಿದಳು. ಹೇಳುವಾಗ ಅಧಿಕಾರಿಯ ಕಡೆ ನೋಡಲಿಲ್ಲ, ಗುಬ್ಬಿಯ ಕಡೆ ನೋಡಿದಳು. ನಮ್ಮವರಲ್ಲಿ ಒಬ್ಬಳು "ಅಯ್ಯೋ" ಎಂದಳು.

"ಸುಳ್ಳು ಮೇಡಂ" ಎಂದ ಗಡಿಯಾರ. "ನಾನು ಹಾಗೆ ಮಾತೇ ಕೊಟ್ಟಿಲ್ಲ."

ಅಧಿಕಾರಿ ಕಡತ ತಿರುವಿ ಒಂದು ಚೀಟಿ ಹೊರತೆಗೆದರು. "ಇದು ನಿಮ್ಮ ಸಹಿ ಅಲ್ವಾ? ಸ್ಟೋರಿಗೆ ಬರೆದದ್ದು. ರೋಲರಿಗೆ ಅಡ್ಡಕಂಬಿ ಒಂದು, ತುರ್ತು. ತಾರೀಖು ಅಪಘಾತದ ಹಿಂದಿನ ದಿನ, ಬುಧವಾರ. ಎರಡು ವರ್ಷ ಬರೆಯದವರು ಅವತ್ತೇ ಯಾಕೆ ಬರೆದ್ರಿ ಅಂತ ನಾನು ಬೆಳಿಗ್ಗೆಯಿಂದ ಯೋಚಿಸ್ತಾ ಇದ್ದೆ."

ಮೊದಲ ಬಾರಿಗೆ ಅವನು ಮಣಿಕಟ್ಟು ನೋಡಿಕೊಳ್ಳಲಿಲ್ಲ. ಮನುಷ್ಯ ಕೊಟ್ಟ ಮಾತು ಉಳಿಸಿಕೊಂಡಿದ್ದ, ಪಾಪ. ಆಮೇಲೆ ಹೆದರಿ ಅದನ್ನೇ ಹೂತುಹಾಕಲು ಹೋಗಿದ್ದ. ಅವನ ಮೇಲೆ ನನಗೆ ಒಂದು ಗಳಿಗೆ ಮರುಕ ಬಂತು. ಗುಬ್ಬಿಯ ಕೈ ನೋಡಿದ ಮೇಲೆ ಅದೂ ಹೋಯಿತು.

"ಆ ನಿಲುಗಡೆ ಅಂದ್ರಲ್ಲ, ಅದನ್ನ ನಾನು ನೋಡ್ಬೇಕು" ಎಂದರು ಅಧಿಕಾರಿ. "ಹಾಡಿ."

ರೋಲರು ಶುರುವಾಯಿತು. ನಾವು ನಮ್ಮ ನಮ್ಮ ಜಾಗದಲ್ಲಿ ನಿಂತೆವು. ಗುಬ್ಬಿಯ ಜಾಗಕ್ಕೆ ಮಡಚುವ ಕಡೆಯವಳೊಬ್ಬಳು ಬಂದಳು. ನಾನು ಚಾದರದ ತುದಿ ಹಿಡಿದೆ. ದೊಡ್ಡಮ್ಮ ಬಾಯಿ ತೆರೆದಳು. ಸ್ವರ ಹೊರಡಲಿಲ್ಲ. ಇನ್ನೊಮ್ಮೆ ತೆರೆದಳು. ಮೂವತ್ತೊಂದು ವರ್ಷ ಹಬೆಯನ್ನೂ ಯಂತ್ರವನ್ನೂ ಮೀರಿದ ಕಂಠ ಅದು, ಈಗ ನಿಜವಾಗಿಯೂ ಕಟ್ಟಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು, ಆಗುವುದಿಲ್ಲ ಎಂಬಂತೆ ನನ್ನ ಕಡೆ ತಲೆಯಾಡಿಸಿದಳು. ನಾನು ಎಸೆಯಬೇಕಿತ್ತು. ನಾಲಿಗೆ ನನಗೂ ಹೊರಳಲಿಲ್ಲ. ಗಡಿಯಾರ ಕೆಮ್ಮಿದ.

ಆಗ ಗೋಡೆ ಪಕ್ಕದ ಕುರ್ಚಿಯಿಂದ ಸಾಲು ಬಂತು.

"ಬಿಳಿ ಬಟ್ಟೆ ಮೇಲೆ ಬೆವರು ಕಾಣೋದಿಲ್ಲ—"

ಶ್ರುತಿ ಒಂದು ಕಡೆ, ಗುಬ್ಬಿ ಇನ್ನೊಂದು ಕಡೆ. ದೊಡ್ಡಮ್ಮನ ಕಡೆಗೇ ನೋಡುತ್ತಾ, ಗಂಟಲು ಹರಿಯುವಂತೆ ಎಸೆದಳು. ನಾವು ಹಿಡಿದೆವು. ಚಾದರದ ಅಂಚು ಉರುಳೆಗಳ ಬಾಯಿಗೆ ಬಂತು. ಹಾಡು ನಿಂತಿತು. ಎಲ್ಲರ ಕೈ ಮೇಲೆದ್ದವು. ಕುರ್ಚಿಯಲ್ಲಿ ಕೂತಿದ್ದವಳ ಎಡಗೈ ಮೇಲೆದ್ದಿತು. ಅದರ ಜೊತೆಗೆ ಬ್ಯಾಂಡೇಜಿನ ಬಲಗೈಯೂ ತಾನಾಗಿ ಮೇಲೆದ್ದಿತು. ಹಬೆ ಬುಸ್ಸೆಂದಿತು.

ಅಧಿಕಾರಿ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟು ಆ ಕೈಯನ್ನೇ ನೋಡುತ್ತಿದ್ದರು. ಎರಡನೇ ಸಾಲಿಗೆ ದೊಡ್ಡಮ್ಮನ ದನಿಯೂ ನಮ್ಮ ಜೊತೆ ಸೇರಿತು, ಮೊದಲು ಸಣ್ಣಗೆ, ಮೂರನೇ ಚಾದರದ ಹೊತ್ತಿಗೆ ಕಂಚಾಗಿ.

ಆದೇಶ ಮೂರು ವಾರಕ್ಕೆ ಬಂತು. ಗುಬ್ಬಿಗೆ ಪರಿಹಾರ, ನಮ್ಮ ಪಕ್ಕದ ಬಟ್ಟೆ ಉಗ್ರಾಣದಲ್ಲಿ ಅದೇ ಸಂಬಳದ ಕೆಲಸ. ರೋಲರಿಗೆ ಕಂಬಿ. ನೋಟೀಸನ್ನು ಗಡಿಯಾರನೇ ಬಂದು ಕಿತ್ತ. ಕಂಬಿ ಕೂತ ಮೇಲೆ ನಿಲುಗಡೆ ಇನ್ನು ಬೇಕೇ ಎಂದು ಹೊಸಬಳೊಬ್ಬಳು ಕೇಳಿದಾಗ ದೊಡ್ಡಮ್ಮ, "ಕಂಬಿ ಮುರಿಯುತ್ತೆ ಕಣಮ್ಮ" ಎಂದು ಅದರ ಕಾರಣವನ್ನು ಮೊದಲಿಂದ ಕೊನೆವರೆಗೆ ಹೇಳಿದಳು. ಈಗ ಹೊಸದಾಗಿ ಸೇರುವ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತೇವೆ.

ನಿವೃತ್ತಿಗೆ ಇನ್ನೂ ಎಂಟು ತಿಂಗಳಿದ್ದರೂ ಅವಳು ಮತ್ತೆ ಮೊದಲ ಸಾಲು ಎಸೆಯಲಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಗುಬ್ಬಿ ಉಗ್ರಾಣದ ಬಾಗಿಲಿಗೆ ಬಂದು ನಿಂತು, ಶ್ರುತಿಯ ಹಂಗಿಲ್ಲದೆ ಸಾಲು ಎಸೆಯುತ್ತಿದ್ದಳು. ದೊಡ್ಡಮ್ಮ "ಅಯ್ಯೋ ಕಿವಿ!" ಎಂದು ಬೈದುಕೊಂಡೇ ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದಳು.